ಹದಿನೇಳು ಒಂದುಗಳು

ಜನವರಿ 31, 1971. ಭಾನುವಾರ

ಕುರ್ಲಾಕ್ಕೆ ಹೋಗಿ ಬಂದೆ. ನಮ್ಮ ಆಫೀಸಿನ ಅಮೀರಸಾಬರು ತೀರಿಕೊಂಡ ಮೇಲೆ ಇದು ಎರಡನೆಯ ಸಲ. ಕಳೆದ ನವೆಂಬರಿನಲ್ಲಿ ಸ್ಟೇಷನ್ನಿನ ಸೇತುವೆಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಆ ದಿನ ಹೋಗಿ, ಜನರ ಹಿಂದೆ ನಿಂತು, ಯಾರ ಜೊತೆಗೂ ಮಾತಾಡದೆ ಬಂದಿದ್ದೆ. ಈಗ ಅವರ ಮಗಳು ನಜ್ಮಾ ಆಫೀಸಿಗೆ ಫೋನು ಮಾಡಿ ಕರೆದಿದ್ದಳು.

ಚಾಳಿನ ಎರಡನೆಯ ಮಾಳಿಗೆ, ಒಂದೇ ಕೋಣೆ. ಹೊಲಿಗೆ ಯಂತ್ರದ ಮೇಲೆ ಲೆಕ್ಕದ ಹಾಳೆಗಳ ಐದು ಕಟ್ಟು. ಸಾಲುಗಳೆಲ್ಲ ಅಮೀರಸಾಬರ ಅಕ್ಷರ, ಪ್ರತಿ ಹಾಳೆಯ ಕೆಳಗೆ ಅವರ ಸಹಿ, ಅದರ ಪಕ್ಕ ನನ್ನದು.

"ಕುಂದರ್ರಿ ರಾಯರ," ಎಂದರು ಅವರ ಹೆಂಡತಿ ಬೀಬೀಜಾನ. "ಪೋಲೀಸ್‌ನವರಂಗ ಬಾಗಿಲದಾಗ ನಿಂತೀರಲ್ಲ."

ನಜ್ಮಾ ಕಾಲೇಜಿನಲ್ಲಿ ಗಣಿತ ಓದುತ್ತಾಳೆ. ಕನ್ನಡ ತಡವರಿಸುತ್ತದೆ. "ಕಾಕಾ, ನಮ್ಮ ಸರ್ ಕಾಲೇಜ್ ಮ್ಯಾಗಜೀನ್‌ನಾಗ ಅಬ್ಬಾನ ಕಾಮ್ ಛಾಪ್ತೀವಿ ಅಂದ್ರು. ಫೋಟೋ ಭೀ ಹಾಕ್ತಾರ. ಹದಿನೇಳು ಒಂದುಗಳು, ಪಚ್ಚೀಸ್ ಲಾಖ್ ತಕ ಯಾವುದರಿಂದನೂ ಭಾಗ ಹೋಗಂಗಿಲ್ಲ, ಅಂತ. ಲೇಕಿನ್ ಸೆಕೆಂಡ್ ಕೈ, ಅಂದ್ರ ನೀವು, ಬರೆದು ಕೊಡಬೇಕಂತ. ಎಲ್ಲಾ ಲೈನ್ ನಾ ಭೀ ಮಾಡಿ ನೋಡೀನಿ, ಅಂತ."

"ಯಾವಾಗ ಬೇಕು?"

"ಮಾರ್ಚ್ ಕಡೀ ತಾರೀಖ್."

"ಈಗಲೇ ಬರದು ಕೊಡ್ರಿ," ಎಂದರು ಬೀಬೀಜಾನ. "ಇಪ್ಪತ್ತೆಂಟು ವರ್ಷ ಆಫೀಸಿನಾಗ ಆ ಲೆಕ್ಕದ ಮಶೀನಿನ ಹಿಡಿಕಿ ತಿರುವಿದ್ರು. ಎಲ್ಲಿ ಅದ ಅವರ ಹೆಸರು? ರೇಶನ್ ಕಾರ್ಡಿನಾಗ ಒಂದಿತ್ತು, ಅದನ್ನೂ ಮೊನ್ನೆ ಹೊಡದು ಹಾಕಿದ್ರು."

ಒಮ್ಮೆ ನೋಡಿ ಕೊಡುತ್ತೇನೆ ಎಂದೆ.

"ನೋಡೇ ಸಹಿ ಮಾಡೀರಲ್ಲ, ಕಾಕಾ," ಎಂದು ನಜ್ಮಾ ನಕ್ಕಳು.

ಕೊನೆಯ ಕಟ್ಟನ್ನು ಎತ್ತಿಕೊಂಡು ಬಂದೆ. ಬೊರಿವಲಿಯ ತನಕ ತೊಡೆಯ ಮೇಲಿತ್ತು. ಬಿಚ್ಚಲಿಲ್ಲ.

ಫೆಬ್ರವರಿ 1

ಬರೆದುಬಿಟ್ಟರೆ ನನಗೇ ಸ್ಪಷ್ಟವಾದೀತು.

ನಮ್ಮದು ಹಿಡಿಕೆ ತಿರುವುವ ಯಂತ್ರಗಳಲ್ಲಿ ಸೇತುವೆಗಳ ಲೆಕ್ಕ ಮಾಡುವ ಆಫೀಸು. ಪ್ರತಿ ಲೆಕ್ಕವನ್ನೂ ಇಬ್ಬರು ಮಾಡಬೇಕು. ಮೊದಲ ಕೈ ಮೇಲಿನಿಂದ ಕೆಳಕ್ಕೆ ಮಾಡಿಕೊಂಡು ಬರುತ್ತದೆ. ಎರಡನೆಯ ಕೈ ಆ ಉತ್ತರಗಳ ಮೇಲೆ ಕಾಗದದ ಪಟ್ಟಿ ಮುಚ್ಚಿ, ಕೆಳಗಿನಿಂದ ಮೇಲಕ್ಕೆ ಹೊಸದಾಗಿ ಮಾಡುತ್ತದೆ. ಇಬ್ಬರ ದಣಿವೂ ಒಂದೇ ಸಾಲಿನ ಮೇಲೆ ಬೀಳಬಾರದೆಂದು ಹೀಗೆ. ಮೊದಲ ಕೈ ತನಗೆ ಏನು ಬಂತೆಂದು ಬಾಯಿ ಬಿಡಕೂಡದು. ಹೇಳಿದರೆ ಇನ್ನೊಬ್ಬನ ಕೈ ಅದೇ ಉತ್ತರದ ಕಡೆ ಎಳೆಯುತ್ತದೆ. ಬಂದದ್ದನ್ನು ಹೇಳುವುದು ಎರಡನೆಯ ಕೈಯ ಕೆಲಸ.

ಹತ್ತೊಂಬತ್ತು ಒಂದುಗಳನ್ನು ಸಾಲಾಗಿ ಬರೆದರೆ ಆಗುವ ಸಂಖ್ಯೆ ಅವಿಭಾಜ್ಯ ಎಂದು ಅಮೀರಸಾಬರು ಎಲ್ಲೋ ಓದಿದ್ದರು. ಹದಿನೇಳರ ಬಗ್ಗೆ ಅಲ್ಲಿ ಮಾತಿರಲಿಲ್ಲ. ಅರವತ್ತೆಂಟರ ನವೆಂಬರಿನಲ್ಲಿ ಒಂದು ದಿನ, "ರಾಯರ, ಇದನ್ನ ಒಡದು ನೋಡೂಣೇನು?" ಎಂದರು. ಅಂದಿನಿಂದ ಅವರು ಮೊದಲ ಕೈ, ನಾನು ಎರಡನೆಯದು; ಊಟದ ಬಿಡುವಿನಲ್ಲಿ ದಿನಕ್ಕೊಂದು ಹಾಳೆ, ಹಾಳೆಗೆ ಇಪ್ಪತ್ತು ಸಾಲು. ಪ್ರತಿ ಸಾಲಿನಲ್ಲಿ ಭಾಜಕ, ಭಾಗಲಬ್ಧ, ಶೇಷ. ಎಲ್ಲ ಸಂಖ್ಯೆಗಳೂ ಬೇಕಿಲ್ಲ. ಹದಿನೇಳು ಒಂದುಗಳನ್ನು ಭಾಗಿಸಬಲ್ಲ ಅವಿಭಾಜ್ಯವನ್ನು ಮೂವತ್ತನಾಲ್ಕರಿಂದ ಭಾಗಿಸಿದರೆ ಒಂದು ಉಳಿಯಲೇಬೇಕು. ಅಂಥವನ್ನಷ್ಟೇ ಕೋಷ್ಟಕದಿಂದ ಆರಿಸಿ ಒಂದೊಂದಾಗಿ ಹಾಕುತ್ತಿದ್ದೆವು. ಇಪ್ಪತ್ತೈದು ಲಕ್ಷದ ತನಕ ಒಟ್ಟು ಐನೂರ ಎಪ್ಪತ್ತಮೂರು ಹಾಳೆ.

ಕಳೆದ ಜೂನ್ ಒಂದರಂದು ನನ್ನನ್ನು ವಿಭಾಗದ ಮುಖ್ಯಸ್ಥನನ್ನಾಗಿ ಮಾಡಿದರು. ಆ ಕುರ್ಚಿ ಅಮೀರಸಾಬರಿಗೆ ಎಂದು ಎಲ್ಲರೂ ತಿಳಿದಿದ್ದರು. ಅವರು ಕೈ ಕುಲುಕಿದರು. ಆಮೇಲೆ ನನ್ನ ಊಟ ಮೇಲಿನ ಮಹಡಿಯಲ್ಲಿ, ಇಂಜಿನಿಯರುಗಳ ಜೊತೆ. ಅವರು ಮಾತ್ರ ಕೆಳಗೆ ಒಬ್ಬರೇ ಕೂತು ಹಾಳೆ ತುಂಬುತ್ತಿದ್ದರು. ನಾನು ಅದನ್ನು ಚೀಲದಲ್ಲಿ ಹಾಕಿಕೊಂಡು ಲೋಕಲ್‌ನಲ್ಲಿ ತಾಳೆ ನೋಡುತ್ತಿದ್ದೆ. ತಾಳೆ ಎಂದರೆ ಒಂಬತ್ತು ಕಳೆಯುವುದು. ಅಂಕಿಗಳನ್ನು ಕೂಡಿ, ಒಂಬತ್ತುಗಳನ್ನು ಬಿಟ್ಟರೆ ಹದಿನೇಳು ಒಂದುಗಳಿಗೆ ಎಂಟು ಉಳಿಯುತ್ತದೆ. ಭಾಜಕ, ಭಾಗಲಬ್ಧಗಳನ್ನು ಗುಣಿಸಿ ಶೇಷ ಕೂಡಿದಾಗಲೂ ಎಂಟು ಬಂದರೆ ಸಾಲು ಸರಿ. ದಾದರಿನಿಂದ ಅಂಧೇರಿಯೊಳಗೆ ಹಾಳೆ ಮುಗಿಯುತ್ತಿತ್ತು. ಸಹಿ ಮಾಡುತ್ತಿದ್ದೆ.

ನೂರ ಇಪ್ಪತ್ತೆಂಟು ಹಾಳೆಗಳು. ಅವುಗಳ ಒಂದು ಸಾಲಿಗೂ ನಾನು ಯಂತ್ರದ ಹಿಡಿಕೆ ತಿರುವಿಲ್ಲ.

ದಿನಕ್ಕೆ ಮೂರು ಹಾಳೆ ಮಾಡಿದರೆ ಮಾರ್ಚ್ ಒಳಗೆ ಮುಗಿಯುತ್ತದೆ. ನಂತರ ಬರೆದುಕೊಡುವ ಮಾತು ಸುಳ್ಳಾಗುವುದಿಲ್ಲ. ತಡವಾಗಿರುತ್ತದೆ, ಅಷ್ಟೆ.

ಫೆಬ್ರವರಿ 6

ಹದಿನೇಳು ಹಾಳೆ ಮುಗಿದವು. ನಿಯಮದಂತೆ ಕೊನೆಯ ಹಾಳೆಯ ಕೊನೆಯ ಸಾಲಿನಿಂದ ಶುರು ಮಾಡಿದ್ದೇನೆ, ಅಂದರೆ ಅವರು ಸತ್ತ ವಾರದಿಂದ ಹಿಂದಕ್ಕೆ. ಯಂತ್ರಕ್ಕೆ ಹದಿಮೂರೇ ಮನೆ. ಹದಿನೇಳು ಒಂದುಗಳನ್ನು ಎರಡು ಕಂತಿನಲ್ಲಿ ಕೂರಿಸಬೇಕು. ಭಾಜಕವನ್ನು ಕಳೆಯುತ್ತ ತಿರುಗಿಸುವುದು. ಒಂದು ತಿರುವು ಹೆಚ್ಚಾದಾಗ ಗಂಟೆ ಬಡಿಯುತ್ತದೆ, ಆಗ ಒಂದು ತಿರುವು ಹಿಂದಕ್ಕೆ. ಪಟ್ಟಿ ಸರಿಸಿ ಅವರ ಶೇಷ ನೋಡಿದರೆ ನನ್ನದೇ.

ಒಂದೂ ತಪ್ಪಿಲ್ಲ. ಸಂತೋಷವಾಗಬೇಕಿತ್ತು.

ಹೆಂಡತಿ ಶೀಲಾವತಿ ತನ್ನ ತಂಗಿಯ ಪತ್ರ ತಂದು, "ಓದಿ ಹೇಳ್ರಿ," ಎಂದಳು. ನಾಳೆ ಎಂದೆ.

ಫೆಬ್ರವರಿ 15

ಮೂವತ್ತೆಂಟು. ತಪ್ಪಿಲ್ಲ.

ಫೆಬ್ರವರಿ 19

ಅಮೀರಸಾಬರ ಯಂತ್ರ ಅವರ ಮೇಜಿನ ಮೇಲೆಯೇ ಇದೆ. ನನ್ನ ಮೇಜಿನಿಂದ ನಾಲ್ಕು ಮೊಳ. ಆಫೀಸಿಗೆ ವಿದ್ಯುತ್ತಿನ ಯಂತ್ರ ಬರುತ್ತದಂತೆ, ಹಳೆಯವನ್ನೆಲ್ಲ ತೂಕಕ್ಕೆ ಕೊಡುತ್ತಾರಂತೆ. ಊಟದ ಹೊತ್ತಿನಲ್ಲಿ ಮಹಡಿ ಖಾಲಿ. ಕೆಳಗೆ ಚುನಾವಣೆಯ ಲಾರಿಗಳು ಕೂಗಿಕೊಂಡು ಹೋಗುತ್ತವೆ.

ಇವತ್ತು ನನ್ನ ಗಂಟೆ ಬಡಿದ ಮೇಲೆ ಇನ್ನೊಂದು ಬಡಿಯಿತು. ನಾನು ಹಿಂದಕ್ಕೆ ಒಂದು ತಿರುವು ತಿರುವಿದೆ. ಆ ಕಡೆಯೂ ಹಿಡಿಕೆ ತಿರುಗಿದ ಸದ್ದು. ಕಟ್ಟಡ ಹಳೆಯದು, ಗೋಡೆಯಿಂದ ಸದ್ದು ಮರಳುತ್ತದೆ. ಮುಂದಿನ ಸಾಲಿಗೆ ಮರಳಲಿಲ್ಲ. ಅದರ ಮುಂದಿನದಕ್ಕೆ ಮರಳಿತು.

ಎದ್ದು ಹೋಗಿ ನೋಡಿದೆ. ಹಿಡಿಕೆಯ ಮೇಲೆ ಧೂಳು. ಒರೆಸೋಣವೆಂದು ಕೈ ಮುಂದೆ ಮಾಡಿ, ಒರೆಸದೆ ಬಂದೆ.

ಮಾರ್ಚ್ 2

ಅರವತ್ತೊಂಬತ್ತು ಹಾಳೆ. ಸಾವಿರದ ಮುನ್ನೂರ ಎಂಬತ್ತು ಸಾಲು. ತಪ್ಪಿಲ್ಲ. ಮನುಷ್ಯ ಮಾಡಿದ ಕೆಲಸದಲ್ಲಿ ಇಷ್ಟು ಹೊತ್ತಿಗೆ ಎರಡು ತಪ್ಪಾದರೂ ಸಿಗಬೇಕು. ಎದೆಯಲ್ಲಿ ಕಾಯಿಲೆ ಇಟ್ಟುಕೊಂಡು ತಿರುವಿದ ಸಾಲುಗಳು ಇವು. ಹಿಂದಕ್ಕೆ ಹೋದಂತೆ ಅಕ್ಷರ ಗಟ್ಟಿಯಾಗುತ್ತಿದೆ. ಮುದುಕರೊಬ್ಬರು ದಿನಕ್ಕೆ ಮೂರು ದಿನ ಚಿಕ್ಕವರಾಗುವುದನ್ನು ನೋಡುತ್ತಿದ್ದ ಹಾಗೆ. ಕೊನೆಗೆ ಎಲ್ಲಿ ಎದುರಾಗುತ್ತಾರೋ.

ಲೋಕಲ್‌ನಲ್ಲಿ ಕಂಬಿ ಹಿಡಿದು ನಿಂತವರನ್ನು ಎಣಿಸಿದೆ. ಹದಿನಾರು. ನನ್ನನ್ನು ಸೇರಿಸಿಕೊಳ್ಳಬೇಕು ಎಂದು ಖಾರ್ ದಾಟಿದ ಮೇಲೆ ಹೊಳೆಯಿತು.

"ಉಣ್ಣೂವಾಗ ಎಡಗೈ ಯಾಕ ತಿರುವತೀರಿ?" ಎಂದಳು ಶೀಲಾವತಿ. ನಾನು ತಿರುವುತ್ತಿರಲಿಲ್ಲ.

ಮಾರ್ಚ್ 10

ನಾನೂರ ಎಂಬತ್ತೊಂದನೆಯ ಹಾಳೆ, 1970ರ ಜುಲೈ 13ರದು. ಕೆಳಗಿನಿಂದ ಮೂರನೆಯ ಸಾಲು. ಭಾಜಕ 2071723.

ಅವರ ಉತ್ತರ ಮುಚ್ಚಿ ತಿರುಗಿಸಿದೆ. ಕೊನೆಯ ಮನೆಯಲ್ಲಿ ಆರು ತಿರುವು, ಏಳು. ಗಂಟೆ ಬಡಿಯಲಿಲ್ಲ. ಕಿಟಕಿಗಳಲ್ಲಿ ಎಲ್ಲ ಸೊನ್ನೆ. ನಂಬದೆ ಇನ್ನೊಂದು ತಿರುವಿದೆ, ಬಡಿಯಿತು. ಒಂದು ಹಿಂದಕ್ಕೆ ಬಂದೆ, ಮತ್ತೆ ಸೊನ್ನೆಗಳು. ಭಾಗಲಬ್ಧ 5363222357. ಶೇಷ ಇಲ್ಲ.

ಹದಿನೇಳು ಒಂದುಗಳು ಒಡೆದಿದ್ದವು. ಎಂಟು ತಿಂಗಳಿನಿಂದ ಒಡೆದೇ ಇದ್ದವು.

ಪಟ್ಟಿ ಎತ್ತಿದೆ. ಅವರ ಭಾಗಲಬ್ಧ ನನ್ನದಕ್ಕಿಂತ ಒಂದು ಕಡಿಮೆ, 5363222356. ಶೇಷದ ಜಾಗದಲ್ಲಿ 2071723. ಒಂದೇ ಸಾಲಿನಲ್ಲಿ ಅದೇ ಸಂಖ್ಯೆ ಎರಡು ಸಲ. ಭಾಜಕದಷ್ಟೇ ಶೇಷ ಉಳಿದಿದೆ ಎಂದರೆ ಇನ್ನೊಂದು ತಿರುವು ಬಾಕಿ ಎಂದು ನಾಲ್ಕನೆಯ ಇಯತ್ತೆಯ ಮಕ್ಕಳೂ ಹೇಳುತ್ತಾರೆ.

ಪಕ್ಕದಲ್ಲಿ ನನ್ನ ಟಿಕ್. ಕೆಳಗೆ ನನ್ನ ಸಹಿ. ಒಂಬತ್ತು ಕಳೆದು ನೋಡಿದೆ, ಎಂಟೇ ಬರುತ್ತದೆ.

ಮಾರ್ಚ್ 11

ಹೋಳಿ, ರಜೆ. ಕಟ್ಟಡದವರು ಬಣ್ಣಕ್ಕೆ ಕರೆದರು. ಹೋಗಲಿಲ್ಲ.

ಮಾರ್ಚ್ 12

ಅವರು ದಣಿವಿನಿಂದ ಒಂದರ ಬದಲು ಎರಡು ತಿರುವು ಹಿಂದಕ್ಕೆ ಬಂದಿರಬಹುದು. ಹಾಗೆ ಆಗುತ್ತದೆ. ಆದರೆ ಆಮೇಲಿನ ತೊಂಬತ್ತೆರಡು ಹಾಳೆಗಳಲ್ಲಿ ಎಲ್ಲಿಯೂ ಆಗಿಲ್ಲ. ನಾನೇ ಭಾಗಿಸಿ ನೋಡಿದ್ದೇನೆ.

ಜುಲೈ ಹದಿನಾಲ್ಕರ ಬೆಳಿಗ್ಗೆ ನೆನಪಿದೆ ಎಂದು ಬರೆಯಲು ಹಿಂಜರಿಯುತ್ತೇನೆ. ಬೇಕೆಂದಾಗ ನೆನಪು ಏನನ್ನಾದರೂ ತಂದು ಕೊಡುತ್ತದೆ. ಆದರೂ: ನಾನು ಹಾಳೆಯನ್ನು ಅವರ ಮೇಜಿನ ಮೇಲೆ ಇಟ್ಟೆ. ಅವರು ಟೋಪಿ ತೆಗೆದು ಮೊಳಕಾಲ ಮೇಲೆ ಇಟ್ಟುಕೊಂಡಿದ್ದರು.

"ನೋಡಿದ್ರೇನು, ರಾಯರ?"

"ನೋಡಿದೆ."

"ಎಲ್ಲಾ ಬರೋಬ್ಬರಿ ಅದ?"

"ಅದ."

ಅವರು ಹಾಳೆಯನ್ನಲ್ಲ, ನನ್ನನ್ನು ನೋಡುತ್ತಿದ್ದರು. ಮೇಲಿನಿಂದ ಯಾರೋ ನನ್ನನ್ನು ಕರೆದರು. ಆ ವಾರ ಇನ್ನೊಮ್ಮೆ ಕೇಳಿದರು, "ಆ ಸೋಮವಾರದ ಹಾಳಿ ಪೂರಾ ನೋಡಿದ್ರಿ, ಹೌದಲ್ರೀ?" ವಯಸ್ಸಾಯಿತು, ಕೇಳಿದ್ದನ್ನೇ ಕೇಳುತ್ತಾರೆ ಎಂದುಕೊಂಡೆ. ನಗುತ್ತ ಹೌದು ಎಂದೆ.

ಇವತ್ತು ಊಟದ ಹೊತ್ತಿನಲ್ಲಿ ಗಂಟೆ ಒಮ್ಮೆಯೂ ಬಡಿಯಲಿಲ್ಲ. ಬಡಿಯಲೆಂದು ಕಾಯುತ್ತ ಕೂತಿದ್ದೆ.

ಮಾರ್ಚ್ 14. ಭಾನುವಾರ

ಬರೆದುಕೊಡದೆ ಸುಮ್ಮನಿದ್ದುಬಿಡಬಹುದಿತ್ತು. ಇಪ್ಪತ್ತೈದು ಲಕ್ಷದೊಳಗೆ ಭಾಜಕ ಇಲ್ಲ ಎಂದು ಬರೆದುಕೊಟ್ಟಿದ್ದರೂ ನಡೆಯುತ್ತಿತ್ತು. ಕಾಲೇಜಿನ ಮ್ಯಾಗಜೀನನ್ನು ಯಾರು ಭಾಗಿಸಿ ನೋಡುತ್ತಾರೆ? ಎಂದೋ ಯಾರಾದರೂ ನೋಡಿದರೆ ತಪ್ಪು ಅಮೀರಸಾಬರದಾಗುತ್ತಿತ್ತು, ಫೋಟೋದ ಕೆಳಗೆ. ದಾದರಿನಲ್ಲಿ ಗಾಡಿ ಬದಲಿಸುವ ತನಕ ಇದನ್ನೆಲ್ಲ ಯೋಚಿಸಿದೆ.

ನಜ್ಮಾ ನೆಲದ ಮೇಲೆ ಕೂತು ಓದುತ್ತಿದ್ದಳು. ಹಾಳೆ ಅವಳ ಮುಂದಿಟ್ಟು ಸಾಲು ತೋರಿಸಿದೆ. ಜೂನ್ ಒಂದರಿಂದ ಹೇಳಿದೆ. ಮೇಲಿನ ಮಹಡಿ, ಲೋಕಲ್, ಒಂಬತ್ತು ಕಳೆಯುವುದು. ಎಷ್ಟು ಕಡಿಮೆ ಮಾತು ಸಾಕಾಯಿತು.

ಅವಳು ಪೆನ್ಸಿಲ್ ತೆಗೆದುಕೊಂಡು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎರಡು ಸಂಖ್ಯೆಗಳನ್ನು ಗುಣಿಸತೊಡಗಿದಳು. ಹೊರಗೆ ನಲ್ಲಿಯ ಹತ್ತಿರ ಹೆಂಗಸರು ಜಗಳಾಡುತ್ತಿದ್ದರು. ಕೂಡಿದಾಗ ಬಲದಿಂದ ಒಂದು, ಇನ್ನೊಂದು ಒಂದು, ಮತ್ತೊಂದು. ಪೆನ್ಸಿಲಿನ ತುದಿಯಿಂದ ಎಣಿಸಿದಳು. ಹದಿನೇಳು.

"ಅಬ್ಬಾಗ ಮಾಲೂಮ್ ಇತ್ತಾ?" ಎಂದಳು.

ಗೊತ್ತಿಲ್ಲ ಎಂದೆ. ಅದು ಆಗಿನ ತನಕ ನಿಜವಾಗಿತ್ತು.

ಬೀಬೀಜಾನ ಸ್ಟೋವಿನ ಮುಂದಿನಿಂದ ತಿರುಗಿದರು. "ಯಾವ ತಾರೀಖು ಅಂದ್ರಿ?"

"ಜುಲೈ ಹದಿಮೂರು."

"ಮಳಿ ಭಾಳ ಇತ್ತು ಆವತ್ತು. ಗಾಡಿ ನಿಂತು, ಮಾಟುಂಗದಿಂದ ಹಳಿ ಹಿಡದು ನಡಕೋತ ಬಂದಿದ್ರು. ಪೂರಾ ತೊಯ್ಸಿಕೊಂಡು, ನಗತಿದ್ರು. ಸಿಕ್ತು ಬೀಬೀ, ಅಂದ್ರು. ಏನ್ ಸಿಕ್ತು ಅಂದ್ರ, ನಾ ಹೇಳಂಗಿಲ್ಲ, ರಾಯರು ಹೇಳಬೇಕು, ಅಂದ್ರು. ಮರುದಿನ ಕೇಳಿದೆ, ಹೇಳಿದ್ರೇನು ರಾಯರು? ಇಲ್ಲ, ನಾಳಿ ಹೇಳ್ತಾರ. ದಿನಾ ಸಂಜಿಕ ಕೇಳತಿದ್ದೆ. ಆಮ್ಯಾಲ ನಾ ಕೇಳೂದ ಬಿಟ್ಟೆ." ಪಾತ್ರೆಯನ್ನು ಇಳಿಸಿದರು. "ಪಗಾರ ಹೆಚ್ಚಾಗೂ ವಿಷಯ ಇರಬೇಕು, ನೀವು ಕೊಡಿಸಲಿಲ್ಲ ಅಂತ ತಿಳದಿದ್ದೆ. ನಿಮ್ಮನ್ನ ಒಂದೆರಡು ಸಲ ಬೈದೀನಿ, ರಾಯರ. ಮಾಫ್ ಮಾಡ್ರಿ."

ಆ ಒಂದು ತಿರುವನ್ನು ಅಮೀರಸಾಬರು ನನಗೆಂದು ಬಿಟ್ಟಿದ್ದರು. ಬೀಬೀಜಾನ ನನ್ನ ಕ್ಷಮೆ ಕೇಳಿದರು. ಇದನ್ನು ಬರೆದಿಡಬೇಕು.

ಅಲ್ಲೇ ಒಂದು ಕಾಗದ ಬರೆದು ನಜ್ಮಾಗೆ ಕೊಟ್ಟೆ. ಮೊದಲ ಕೈ ಅಮೀರಸಾಬರು 1970ರ ಜುಲೈ 13ರಂದು ಭಾಜಕವನ್ನು ಕಂಡರು, ಎರಡನೆಯ ಕೈಯಾದ ನಾನು ನೋಡದೆ ಸಹಿ ಮಾಡಿದೆ, ಈಗ ನೋಡಿದ್ದೇನೆ. ಅವಳು ಎರಡು ಸಲ ಓದಿದಳು. 'ಎರಡನೆಯ ಕೈ' ಎಂಬಲ್ಲಿಂದ ಮುಂದೆ ಎಲ್ಲವನ್ನೂ ಒಂದೇ ಗೆರೆಯಲ್ಲಿ ಹೊಡೆದು, ಕೆಳಗೆ 'ಎರಡನೆಯ ಕೈ: ನಜ್ಮಾ' ಎಂದು ಬರೆದಳು.

"ನಾ ಮಾಡಿ ನೋಡೀನಿ," ಎಂದಳು. "ಈಗ."

"ಹೌದು," ಎಂದೆ.

"ಸರ್ ಕೇಳ್ತಾರ, ಈ ದೊಡ್ಡದು ಭೀ ಟೂಟ್ತಾ ಹೈ ಕ್ಯಾ? ಪಾಂಚ್ ಅರಬ್‌ದು?"

ಅದಕ್ಕೆ ಉತ್ತರ ನನ್ನಲ್ಲಿತ್ತು. ಮೂರು ದಿನಗಳಿಂದ ಅದೊಂದೇ ಯೋಚಿಸಿದ್ದೆ. 5363222357 ಒಡೆಯಬೇಕಾದರೆ ಅದರ ಒಂದು ತುಂಡಾದರೂ ಎಪ್ಪತ್ತಮೂರು ಸಾವಿರದ ಮುನ್ನೂರರ ಒಳಗಿರಬೇಕು. ಆ ತುಂಡು ಹದಿನೇಳು ಒಂದುಗಳನ್ನೂ ಭಾಗಿಸಬೇಕು. ಅಷ್ಟರೊಳಗಿನ ಭಾಜಕಗಳೆಲ್ಲ ನಮ್ಮ ಮೊದಲ ಇಪ್ಪತ್ತಮೂರು ಹಾಳೆಗಳಲ್ಲಿವೆ, ಒಂದರಿಂದಲೂ ಭಾಗ ಹೋಗಿಲ್ಲ. ಅಂದರೆ ಅದು ಅವಿಭಾಜ್ಯ. ನಾವು ಅದನ್ನು ಅರವತ್ತೆಂಟರ ಚಳಿಗಾಲದಲ್ಲಿಯೇ ತೋರಿಸಿ ಮುಗಿಸಿದ್ದೆವು, ಆ ಸಂಖ್ಯೆಯ ಮುಖ ನೋಡುವ ಒಂದೂವರೆ ವರ್ಷ ಮೊದಲೇ.

ನಜ್ಮಾ ಮೊದಲ ಕಟ್ಟನ್ನು ಬಿಚ್ಚಿದಳು.

"ಇವು ಖರೇನೇ ಮಾಡೀರಾ, ಕಾಕಾ?"

"ಮಾಡೀನಿ. ಇಬ್ಬರೂ ಎದುರಾಬದರ ಕೂತು ಮಾಡೀವಿ."

ಅವಳು ಮೊದಲನೆಯ ಹಾಳೆಯನ್ನೂ ನಾನೂರ ಎಂಬತ್ತೊಂದನೆಯದನ್ನೂ ಅಕ್ಕಪಕ್ಕ ಇಟ್ಟಳು. "ಸಹಿ ಎರಡೂ ಸೇಮ್ ಅದಾವ," ಎಂದಳು.

"ಮನಿಗೆ ಬಂದವರಿಗೆ ಹಂಗ ಅನಬಾರದು," ಎಂದರು ಬೀಬೀಜಾನ.

"ನಾ ಅಂದಿಲ್ಲ, ಅಮ್ಮೀ. ಹಾಳೀನ ಹಂಗ ಅದ."

ಚಹಾ ಕೊಟ್ಟರು. ಕುಡಿದೆ. ಹೊರಡುವಾಗ ನಜ್ಮಾ ಹಾಳೆಗಳಿಂದ ತಲೆ ಎತ್ತದೆ, "ನೀವು ಮಾಡ್ರಿ. ಶುರೂ ಸೇ. ನಾ ನೋಡ್ತೀನಿ," ಎಂದಳು.

ಮಾರ್ಚ್ 15

ಬೆಳಿಗ್ಗೆ ಶೀಲಾವತಿ ಅಕ್ಕಿ ಆರಿಸುತ್ತಿದ್ದಳು. ಮೊರವನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದರೂ ನೋಟ ಅದರ ಮೇಲಿರಲಿಲ್ಲ. ಹರಳುಗಳನ್ನು ಬೆರಳಿನಿಂದ ತಡವಿ ತೆಗೆಯುತ್ತಿದ್ದಳು. ಎಡಗಣ್ಣಿನ ಪಾಪೆಯ ಮೇಲೆ ಹಾಲಿನ ಕೆನೆಯಂಥ ಪೊರೆ. ಕಿವಿಯ ಹತ್ತಿರ ಕೂದಲು ಪೂರ್ತಿ ಬಿಳಿ.

"ಕಣ್ಣು ಯಾವಾಗಿಂದ ಹೀಗ?"

"ದೀಪಾವಳಿಯಿಂದ. ಪತ್ರ ಓದ್ರಿ ಓದ್ರಿ ಅಂತ ಯಾಕ ಕೊಡತಿದ್ದೆ ಅಂತ ತಿಳದ್ರಿ?"

ಪತ್ರಗಳು ನಾಲ್ಕಿದ್ದವು. ಎಲ್ಲವನ್ನೂ ಓದಿದೆ. ಎರಡನೆಯದರಲ್ಲಿ ಅವಳ ತಂಗಿಗೆ ಮೊಮ್ಮಗ ಹುಟ್ಟಿದ ಸುದ್ದಿ ಇತ್ತು, ಜನವರಿಯದು. ಆಫೀಸಿಗೆ ಒಂದು ಗಂಟೆ ತಡವಾಯಿತು. ಗುರುವಾರ ಕಣ್ಣಿನ ಡಾಕ್ಟರ್.

ಮಾರ್ಚ್ 16

ಆಫೀಸಿನಿಂದ ನೇರ ಕುರ್ಲಾ. ಇನ್ನು ದಿನವೂ ಹೀಗೆಯೇ. ನಾನೂರ ಐವತ್ತು ಸಾಲು, ಹದಿನೈದು ದಿನ. ಯಂತ್ರ ಬೇಡ, ಪೆನ್ಸಿಲ್ ಸಾಕು ಎಂದಿದ್ದಾಳೆ. ಮಾಡಿದ್ದು ಕಾಗದದ ಮೇಲೆ ಉಳಿಯಬೇಕು.

ಹಳೆಯ ಹಾಳೆಗಳನ್ನು ಹೊರಗೆ ತೆಗೆಯಲಿಲ್ಲ. ದೊಡ್ಡ ಸಂಖ್ಯೆಯನ್ನೇ ಮೊದಲಿನಿಂದ ಭಾಗಿಸುವುದು. ನಾನು ಗೋಡೆಯ ಕಡೆ ಕೂತೆ, ಅವಳು ಬಾಗಿಲ ಕಡೆ. ಅಮೀರಸಾಬರು ಎಲ್ಲಿ ಕೂರುತ್ತಿದ್ದರು ಎಂದು ಕೇಳಲಿಲ್ಲ. ಚಾಪೆ ಒಂದು ಕಡೆ ಸವೆದಿತ್ತು, ನಾನು ಕೂತದ್ದು ಅಲ್ಲೇ.

ಮೊದಲ ಭಾಜಕ ನೂರ ಮೂರು. ಇಷ್ಟು ಚಿಕ್ಕ ಭಾಗಾಕಾರವನ್ನು ಹೀಗೆ ಮೈಯೆಲ್ಲ ಕೈಯಾಗಿ ಮಾಡಿ ಎಷ್ಟು ವರ್ಷವಾಯಿತೋ. ಶೇಷ ನೂರು ಎಂದು ಬರೆದು, ಹಾಳೆಯನ್ನು ಅವಳ ಕಡೆ ತಿರುಗಿಸಿದೆ.

ಅವಳು ನನ್ನ ಉತ್ತರದ ಮೇಲೆ ಕಾಗದದ ಪಟ್ಟಿ ಇಟ್ಟಳು. ತನ್ನ ಕಾಗದದಲ್ಲಿ ಭಾಗಿಸಿದಳು. ಅವಸರವಿಲ್ಲ. ನಡುವೆ ಒಮ್ಮೆ ಪೆನ್ಸಿಲ್ ಚೂಪು ಮಾಡಿಕೊಂಡಳು. ಬೀಬೀಜಾನ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದರು. ನಜ್ಮಾ ಪಟ್ಟಿ ಎತ್ತಿ ನನ್ನದನ್ನು ನೋಡಿದಳು, ತನ್ನದನ್ನು ನೋಡಿದಳು, ಹಾಳೆಯನ್ನು ನನ್ನ ಕಡೆ ತಳ್ಳಿದಳು. ಮುಖದಲ್ಲಿ ಏನೂ ಇರಲಿಲ್ಲ.

ಬರೋಬ್ಬರಿ ಅದ ಏನು ಎಂದು ಕೇಳಬೇಕೆನಿಸಿತು. ತುಟಿಯ ತನಕ ಬಂದಿತ್ತು.

ನೂರ ಮೂವತ್ತೇಳು ಎಂದು ಬರೆದು ಗೆರೆ ಎಳೆದೆ.